ಮೊಳೆಗೆ ತೂಗಿದ ಬ್ಯಾಡ್ಜು

ವಿಜ್ಞಾನ ಸಂಸ್ಥೆಯ ವರ್ಕ್‌ಶಾಪಿನವರು ಅಕ್ಕನಿಗಿಟ್ಟ ಹೆಸರು ‘ಹತ್ತು ಕೈಯವಳು’. ಭೌತವಿಜ್ಞಾನಿ ಎಂದರೆ ಕೂತು ಲೆಕ್ಕ ಬಿಡಿಸುವವರು ಅಂದುಕೊಂಡವರ ಕಣ್ಣೆದುರೇ ಅವಳು ಗಾಜು ಊದಿದಳು, ಲೇತು ತಿರುಗಿಸಿದಳು, ಮಿಂಚನ್ನು ಅಳೆಯಲು ಚಾವಣಿಗೆ ತಂತಿ ಕಟ್ಟಿದಳು, ಗಾಳಿಯನ್ನೇ ದ್ರವ ಮಾಡಿ ಅದರಲ್ಲಿ ಲೋಹ ಅದ್ದಿ ನೋಡಿದಳು. ಕೊನೆಗೆ ಕ್ಷ-ಕಿರಣದ ಯಂತ್ರಕ್ಕೆ ಅಂಟಿಕೊಂಡಳು. ಸಾಸಿವೆಗಿಂತ ಸಣ್ಣ ಹರಳನ್ನು ಕಿರಣದ ದಾರಿಯಲ್ಲಿ ಕೂರಿಸುವುದು ಬೆರಳಿನದೇ ಕೆಲಸ. ಯಂತ್ರ ನಿಲ್ಲಿಸಿದರೆ ಕಿರಣ ಎಲ್ಲಿ ಬೀಳುತ್ತಿದೆಯೆಂದು ತಿಳಿಯದು. ನಡೆಯುತ್ತಿರುವಾಗಲೇ ಕೈ ಹಾಕಬೇಕು.

ಈಗ ಆಸ್ಪತ್ರೆಯಲ್ಲಿ ಆ ಕೈಗಳಿಗೆ ಬಟ್ಟೆ ಸುತ್ತಿತ್ತು. ಕಿರಣಕ್ಕೆ ಸುಟ್ಟ ಬಲಗೈ ಬೆರಳುಗಳನ್ನು ಕತ್ತರಿಸಿದ್ದರು. ರಕ್ತವೂ ಕೆಟ್ಟಿತ್ತು. ಹೊಲಿಗೆ ಅಂಗಡಿ ಮುಚ್ಚಿ ಬಂದ ತಂಗಿ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು.

“ನಿರ್ದೇಶಕರು ಏನಂದ್ರು?” ಅಕ್ಕ ಕೇಳಿದಳು.

“ಸೇಬು ತಂದಿದ್ರು. ನಿನ್ನ ಬ್ಯಾಡ್ಜು ಹಾಲಿನ ಹಾಗೆ ಬೆಳ್ಳಗಿದೆಯಂತೆ. ಯಂತ್ರದ್ದೇನೂ ತಪ್ಪಿಲ್ಲ, ಕೋಣೆ ಮುಚ್ಚಲ್ಲ ಅಂದ್ರು.”

ಅಕ್ಕ ನಕ್ಕಳು. “ಬೆಳ್ಳಗಿರದೆ ಏನು? ನಾನು ಒಳಗೆ ಬೇಯ್ತಿದ್ರೆ ಅದು ಹೊರಗೆ ಮೊಳೆ ಮೇಲೆ ಗಾಳಿ ತಗೋತಿತ್ತು!”

ಕಿರಣ ತಾಗಿದಷ್ಟೂ ಬ್ಯಾಡ್ಜಿನೊಳಗಿನ ಫಿಲ್ಮು ಕಪ್ಪಾಗುತ್ತದೆ. ಎದೆಗೆ ಸಿಕ್ಕಿಸಿಕೊಂಡೇ ಒಳಗೆ ಹೋಗಬೇಕೆಂದು ನಿಯಮ. ಕಪ್ಪಾದರೆ ತಿಂಗಳುಗಟ್ಟಲೆ ಕೆಲಸ ಬಂದ್. ಕೆಲಸದ ಹುಚ್ಚಿನವರು ಅದನ್ನು ಬಾಗಿಲಾಚೆ ಮೊಳೆಗೆ ತೂಗುಹಾಕಿ ಒಳಹೋಗುತ್ತಿದ್ದರು. ಸಂಸ್ಥೆಗೆ ಗೊತ್ತಿತ್ತು. ಯಂತ್ರದ ಸುತ್ತ ಸೀಸದ ಗೋಡೆ ಕಟ್ಟಿಸಿ ಅಂದರೆ ವರ್ಷಗಟ್ಟಲೆ ಕಿವುಡಾದ ಸಂಸ್ಥೆ, ಮೊಳೆಗಳನ್ನು ಮಾತ್ರ ಕೇಳದೆಯೇ ಹೊಡೆಸಿಕೊಟ್ಟಿತು! ಒಂದು ಕಾಲಕ್ಕೆ ನಿರ್ದೇಶಕರ ಬ್ಯಾಡ್ಜೂ ಅಲ್ಲೇ ತೂಗಿತ್ತು. ಈಗ ಅಕ್ಕನ ಶಿಷ್ಯರದು ತೂಗುತ್ತಿದೆ.

“ಆ ಮಕ್ಕಳ ಕೈ ಉಳೀಬೇಕು ಕಣೇ. ನಾನು ಹೇಳಿದ್ರೆ ಕೇಳಲ್ಲ. ‘ಮೇಡಮ್, ಇದೊಂದು ಹರಳು ಮುಗೀಲಿ’ ಅಂತಾವೆ. ನಾನೇ ಕಲಿಸಿದ ಚಾಳಿ.”

ತಂಗಿ ಚಮಚ ಕೆಳಗಿಟ್ಟಳು. “ಪಾಪು ಫಿಲ್ಮಿದೆಯಲ್ಲಕ್ಕಾ. ಅದನ್ನ ತೋರಿಸಿದ್ರೆ ನಂಬ್ತಾರೆ.”

ತಂಗಿಯ ಮಗಳನ್ನು ಕ್ಯಾಮೆರಾದಲ್ಲಿ ಹಿಡಿದವಳು ದೊಡ್ಡಮ್ಮನಾದ ಅಕ್ಕ ಒಬ್ಬಳೇ. ತೊಳೆಸಲು ಕೊಡಬೇಕಿದ್ದ ಆ ರೀಲು ಅವಳ ಕೋಟಿನ ಜೇಬಿನಲ್ಲಿ ಕೂತು ದಿನವೂ ಯಂತ್ರದ ಪಕ್ಕ ಹಾಜರಿ ಹಾಕಿತ್ತು. ತೊಳೆದಾಗ ಇಡೀ ಫಿಲ್ಮು ಕಪ್ಪು. “ಹತ್ತು ಕೈಯಿದ್ದೂ ಒಂದು ಫೋಟೋ ತೆಗೆಯೋಕೆ ಬರಲಿಲ್ವಲ್ಲೇ” ಎಂದು ಅಕ್ಕತಂಗಿ ಬಿದ್ದು ಬಿದ್ದು ನಕ್ಕಿದ್ದರು. ಮುಂದೆ ಜ್ವರದಲ್ಲಿ ಪಾಪು ಹೋಯಿತು. ಆಮೇಲೆ ಆ ನಗು ಮನೆಯಲ್ಲಿ ಕೇಳಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ಒಂದು ಕಿವಿ, ಲಂಗದ ಅಂಚು ಕಂಡೂ ಕಾಣದ ಹಾಗೆ ಇತ್ತು. ತಂಗಿಗೆ ಉಳಿದದ್ದು ಅಷ್ಟೇ.

“ಬೇಡ. ಅದನ್ನ ಯಾರಿಗೂ ಕೊಡಬೇಡ,” ಅಂದಳು ಅಕ್ಕ. “ಹೋದ್ರೆ ವಾಪಸ್ ಬರಲ್ಲ.”

ಅದೇ ವಾರ ಅಕ್ಕ ತೀರಿಕೊಂಡಳು.

ಸಂತಾಪ ಸಭೆಯಲ್ಲಿ ಹೂವಿಗೆ ಬರವಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅಕ್ಕ ಊದಿದ ಕೊಳವೆಗಳು, ನಡುವೆ ಆ ಬೆಳ್ಳನೆಯ ಬ್ಯಾಡ್ಜು. “ವಿಜ್ಞಾನಕ್ಕಾಗಿ ಜೀವ ತೇಯ್ದವರು,” ಎಂದರು ನಿರ್ದೇಶಕರು.

“ತೇಯ್ದಿದ್ದಲ್ಲ ಸಾರ್, ಸುಟ್ಟಿದ್ದು.” ತಂಗಿ ಎದ್ದು ನಿಂತಿದ್ದಳು. ಸೆರಗಿನಿಂದ ಫಿಲ್ಮು ತೆಗೆದು ಶಿಷ್ಯರ ಮುಂದೆ ಹಿಡಿದಳು. “ಇದು ಅವಳ ಜೇಬಲ್ಲಿತ್ತು. ಆ ಬ್ಯಾಡ್ಜು ಮೊಳೆ ಮೇಲಿತ್ತು. ಯಾವುದನ್ನ ನಂಬ್ತೀರೋ ನಂಬಿ, ಮಕ್ಕಳೇ.”

ಫಿಲ್ಮು ಕೈಯಿಂದ ಕೈಗೆ ಹೋಯಿತು. ಕೊನೆಗೆ ಅದು ನಿರ್ದೇಶಕರ ಕೈ ಸೇರಿತು. “ಪರಿಶೀಲಿಸ್ತೀವಮ್ಮ,” ಎಂದು ಅವರು ಅದನ್ನು ಕೋಟಿನೊಳಗೆ ಇಳಿಬಿಟ್ಟರು.

ಮರುದಿನ ಮೊಳೆಗಳು ಬರಿದಾಗಿದ್ದವು. ಶಿಷ್ಯರೆಲ್ಲ ಬ್ಯಾಡ್ಜನ್ನು ಎದೆಗೆ ಸಿಕ್ಕಿಸಿಕೊಂಡು ಒಳಹೋದರು. ತಿಂಗಳ ಕೊನೆಗೆ ಅಷ್ಟೂ ಕಪ್ಪಾದವು, ಕೋಣೆಗೆ ಬೀಗ ಬಿತ್ತು. ‘ದುರಸ್ತಿಗಾಗಿ’ ಎಂದು ಹಲಗೆ ತೂಗಿತು. ಅದರಲ್ಲಿ ಅಕ್ಕನ ಸುದ್ದಿಯೇ ಇಲ್ಲ.

ಫಿಲ್ಮು ಕೇಳಲು ಹೋದ ತಂಗಿಗೆ ಗುಮಾಸ್ತ ಹೇಳಿದ: “ಕಡತದಲ್ಲಿ ಎಲ್ಲೋ ಸೇರಿಹೋಗಿದೆಯಮ್ಮ. ಕಪ್ಪು ಫಿಲ್ಮು ತಾನೇ, ಅದರಲ್ಲೇನಿತ್ತು?”

“ಒಂದು ಕಿವಿ ಇತ್ತಪ್ಪ,” ಅಂದಳು ತಂಗಿ.