ದಿಬ್ಬಣದ ಕಾರಿನ ಮೂರನೇ ಇಂಜೆಕ್ಟರ್

ಮದುಮಗಳನ್ನು ಕರೆಯಲು ಹೋದ ದಾರಿಯಲ್ಲೇ ಹಿಂದಿರುಗಬಾರದು ಎಂದು ನಮ್ಮ ಹಿರಿಯರು ಕಟ್ಟಳೆ ಮಾಡಿದ ಕಾಲದಲ್ಲಿ ಅವರೆಲ್ಲ ಕುದುರೆ ಏರಿ ಓಡಾಡುತ್ತಿದ್ದರು. ಕುದುರೆಗೆ ಇಂಜೆಕ್ಟರ್ ಇರುವುದಿಲ್ಲ. ಬೆಳಿಗ್ಗೆ ನದಿಯ ಪಕ್ಕದ ಸಪಾಟು ರಸ್ತೆಯಲ್ಲಿ ಹಾಡಿಕೊಂಡು ಹೋದ ದಿಬ್ಬಣ, ಮಧ್ಯಾಹ್ನ ಮದುಮಗಳನ್ನು ಕೂರಿಸಿಕೊಂಡು ಘಾಟಿ ರಸ್ತೆ ಹಿಡಿಯಬೇಕಾಯಿತು. ಆ ಪುಣ್ಯಾತ್ಮರನ್ನು ಮನಸ್ಸಿನಲ್ಲೇ ಬೈಯುತ್ತ ನಾನು ಪ್ರೆಂಗ್ ಭಾವನ ಹಳೇ ಜರ್ಮನ್ ಡೀಸೆಲ್ ಕಾರನ್ನು ಏರು ಹತ್ತಿಸುತ್ತಿದ್ದೆ.

ಪ್ರೆಂಗ್ ನನ್ನ ಅಕ್ಕನ ಗಂಡ, ಮದುಮಗನ ಅಪ್ಪ, ಅವತ್ತಿನ ದಿಬ್ಬಣದ ಯಜಮಾನ; ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ. ನಾನು ಪುಕ ಪೇಟೆಯಲ್ಲಿ ಗ್ಯಾರೇಜ್ ಇಟ್ಟವನು. ಆ ಕಾರಿನ ಸ್ಟೇರಿಂಗನ್ನು ಅವನು ನನ್ನ ಬಿಟ್ಟು ಬೇರೆಯವರ ಕೈಗೆ ಕೊಡುವುದಿಲ್ಲ. ಹಿಂದಿನ ಸೀಟಿನಲ್ಲಿ ಮದುಮಗಳು ದ್ರಾನೆ, ರೂಢಿಯಂತೆ ಕಣ್ಣು ತಗ್ಗಿಸಿ, ತುಟಿ ಬಿಚ್ಚದೆ ಕೂತಿದ್ದಳು. ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವ ಹೊಣೆಯನ್ನು ಪ್ರೆಂಗ್‌ನ ಅಕ್ಕ ಮ್ರಿಕಾ ಹೊತ್ತಿದ್ದಳು. ಮದುಮಗ ಮನೆಯಲ್ಲಿ ಕಾಯುತ್ತಿದ್ದ. ನಮ್ಮಲ್ಲಿ ಅವನು ದಿಬ್ಬಣದ ಜೊತೆ ಹೋಗುವ ಪದ್ಧತಿಯಿಲ್ಲ. ಸೂರ್ಯ ಮುಳುಗುವ ಮೊದಲು ಮದುಮಗಳು ಹೊಸ್ತಿಲು ದಾಟಬೇಕು ಎಂಬುದು ಇನ್ನೊಂದು ಕಟ್ಟಳೆ.

ಘಾಟಿಯ ನಡುವೆ ಇಂಜಿನ್ ಟಕಟಕ ಬಡಿದುಕೊಳ್ಳತೊಡಗಿತು. ಕಾರು ಚಳಿಜ್ವರ ಬಂದವರ ಹಾಗೆ ನಡುಗಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಕಾರುಗಳೇ ಕಾಣದಷ್ಟು ಕಪ್ಪು ಹೊಗೆ.

"ಭಾವ, ಡೀಸೆಲ್ ಎಲ್ಲಿ ಹಾಕಿಸಿದ್ರಿ?"

"ಕೊಟ್ಟಿಗೇಲಿ ಪೀಪಾಯಿ ಇತ್ತಲ್ಲ, ಅದ್ರಿಂದ."

"ಆ ತುಕ್ಕು ಹಿಡಿದ ಟ್ರ್ಯಾಕ್ಟರ್ ಪೀಪಾಯಿಂದಾನಾ?"

"ಮತ್ತೇನು, ಮದುಮಗಳನ್ನ ಕೂರಿಸ್ಕೊಂಡು ಬಂಕಿನಲ್ಲಿ ಕ್ಯೂ ನಿಂತ್ಕೊಳ್ಳೋದಾ? ಮಾನ ಮರ್ಯಾದೆ ಬೇಡ್ವೇನೋ?"

ಇದು ನಮ್ಮವರು ಮಾತ್ರ ಮಾಡಬಹುದಾದ ತಪ್ಪು. ಬಂಕಿನಲ್ಲಿ ನಿಂತರೆ ಮರ್ಯಾದೆ ಹೋಗುತ್ತದೆ, ಬೆಟ್ಟದ ಮೇಲೆ ಕೆಟ್ಟು ನಿಂತರೆ ಹೋಗುವುದಿಲ್ಲ! ಸಿಟ್ಟು ನೆತ್ತಿಗೇರಿತು. ರಸ್ತೆ ಸ್ವಲ್ಪ ಅಗಲವಾದಲ್ಲಿ ನಿಲ್ಲಿಸಿ, ಇಂಜಿನ್ ಆರಿಸದೆ ಬಾನೆಟ್ ಎತ್ತಿದೆ.

ಹಿಂದಿನ ಕಾರಿನಿಂದ ತೋಮ್ ಇಳಿದು ಬಂದ. ಅವನು ಪ್ರೆಂಗ್‌ನ ದಾಯಾದಿ, ಅವನ ಕೈಯಲ್ಲಿ ರಾಕಿ ಸಾರಾಯಿ ತುಂಬಿದ ಮರದ ಬುಂಡೆ.

"ಏನ್ ಪಾಶ್ಕಾ, ನಿನ್ನ ಗ್ಯಾರೇಜ್ ಬೋರ್ಡು ಇಲ್ಲೇ ನೆಡ್ತೀಯಾ?"

"ನೆಡ್ತೀನಿ, ನಿನ್ನ ಬಾಯೊಳಗೆ. ಟಾರ್ಚ್ ಹಿಡ್ಕೊ."

ನಾಲ್ಕು ಸಿಲಿಂಡರು, ಅವಕ್ಕೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರು, ಒಂದೊಂದಕ್ಕೆ ಒಂದು ಸಣ್ಣ ಕಬ್ಬಿಣದ ಕೊಳವೆ. ಇದರಲ್ಲಿ ಕಳ್ಳ ಯಾರೆಂದು ಹಿಡಿಯಲು ಯಂತ್ರಗಿಂತ್ರ ಬೇಕಿಲ್ಲ. ಇಂಜಿನ್ ಓಡುತ್ತಿರುವಾಗಲೇ ಒಂದು ಕೊಳವೆಯ ನಟ್ಟನ್ನು ಸಡಿಲಿಸಬೇಕು. ಆ ಸಿಲಿಂಡರಿಗೆ ಡೀಸೆಲ್ ತಪ್ಪುತ್ತದೆ. ಅದು ದುಡಿಯುತ್ತಿದ್ದುದಾದರೆ ಇಂಜಿನ್ ಕುಗ್ಗುತ್ತದೆ. ದುಡಿಯುತ್ತಿರಲಿಲ್ಲವೆಂದರೆ ಏನೂ ಆಗುವುದಿಲ್ಲ. ಮನೆಯಲ್ಲಿ ಸೋಮಾರಿ ಯಾರೆಂದು ಗೊತ್ತಾಗುವುದೂ ಅವನು ಊರಿಗೆ ಹೋದಾಗಲೇ.

ಮೊದಲನೆಯದನ್ನು ಸಡಿಲಿಸಿದೆ. ಇಂಜಿನ್ ಕುಗ್ಗಿತು. ಬಿಗಿದೆ. ಎರಡನೆಯದು. ಇನ್ನೇನು ನಿಂತೇ ಹೋಯಿತು ಅನ್ನುವಷ್ಟು ಕುಗ್ಗಿತು. ಮೂರನೆಯದನ್ನು ಸಡಿಲಿಸಿದ ಕ್ಷಣ ಆ ಟಕಟಕ ಸದ್ದು ಥಟ್ಟನೆ ನಿಂತಿತು, ಹೊಗೆಯೂ ತೆಳುವಾಯಿತು, ಇಂಜಿನ್ ಮಾತ್ರ ಒಂದಿಷ್ಟೂ ಕುಗ್ಗಲಿಲ್ಲ.

"ಸಿಕ್ಕ ಕಳ್ಳ," ಎಂದೆ.

ಇಂಜಿನ್ ಆರಿಸಿ ಇಂಜೆಕ್ಟರನ್ನು ಬಿಚ್ಚಿ ತೆಗೆದೆ. ಕೈ ಸುಡುತ್ತಿತ್ತು. ಬಾನೆಟ್ಟಿನ ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿ ಅದನ್ನು ಕಳಚಿದೆ. ಒಳಗಿನ ಸೂಜಿ ತನ್ನ ಭಾರಕ್ಕೆ ತಾನೇ ಜಾರಿ ಇಳಿಯಬೇಕು. ಇದು ಪೀಪಾಯಿಯ ತುಕ್ಕಿನ ಪುಡಿ ಕಚ್ಚಿಕೊಂಡು ಅರ್ಧಕ್ಕೇ ಸಿಕ್ಕಿ ನಿಂತಿತ್ತು. ಹಾಗಾಗಿ ಡೀಸೆಲ್ ಮಂಜಿನಂತೆ ಚಿಮ್ಮುವ ಬದಲು ಮೂತ್ರದಂತೆ ಸುರಿಯುತ್ತಿತ್ತು.

ಸೂಜಿಯನ್ನು ತೊಳೆಯಲು ಶುದ್ಧವಾದದ್ದು ಏನಾದರೂ ಬೇಕು. ಟ್ಯಾಂಕಿನ ಡೀಸೆಲ್ಲೇ ಕೊಳಕು.

"ತೋಮ್, ಆ ಬುಂಡೆ ಕೊಡು."

"ಲೋ, ಇದು ಬೀಗರ ಮನೆ ರಾಕಿ ಕಣೋ!"

"ನಿನ್ನ ಹೊಟ್ಟೆಗೆ ಹೋಗೋದಕ್ಕಿಂತ ಒಳ್ಳೇ ಜಾಗಕ್ಕೆ ಹೋಗತ್ತೆ, ಕೊಡು."

ಸೂಜಿಯನ್ನು ರಾಕಿಯಲ್ಲಿ ಅದ್ದಿ, ಮರದ ಕಡ್ಡಿಯೊಂದನ್ನು ಚೂಪು ಮಾಡಿ ಅದರಿಂದ ಉಜ್ಜಿದೆ. ಲೋಹದ ತಂತಿ ತಾಗಿಸಿದರೆ ಸೂಜಿಗೆ ಗೀರು ಬೀಳುತ್ತದೆ. ಸೂರ್ಯ ಎದುರಿನ ಗುಡ್ಡದ ಕಡೆ ವಾಲುತ್ತಿದ್ದ. ಮ್ರಿಕಾ ಕಿಟಕಿಯಿಂದ ತಲೆ ಹಾಕಿ, "ಪಾಶ್ಕಾ, ಹುಡುಗಿ ಕೂತೂ ಕೂತೂ ಮುದುಕಿ ಆದ್ಲು," ಎಂದು ಕೂಗಿದಳು. ಕೊನೆಗೂ ಸೂಜಿ ನಿಧಾನಕ್ಕೆ, ತನ್ನಷ್ಟಕ್ಕೆ ತಾನೇ, ಜಾರಿ ಕೂತಿತು.

ಒಳಗೆ ಕೂರಿಸುವ ಮೊದಲು ಒಮ್ಮೆ ಹೊರಗೇ ಪರೀಕ್ಷಿಸಬೇಕು. ಇಂಜೆಕ್ಟರನ್ನು ಅದರ ಕೊಳವೆಗೇ ಸಿಕ್ಕಿಸಿ, ಮೂತಿಯನ್ನು ರಸ್ತೆಯಂಚಿನ ಪೊದೆಗಳ ಕಡೆ ತಿರುಗಿಸಿದೆ. ಇಂಜಿನ್ ಹತ್ತಿಕೊಳ್ಳದಿರಲೆಂದು ಉಳಿದ ನಟ್ಟುಗಳನ್ನು ಸಡಿಲಿಸಿ, ಫ್ಯೂಲ್ ಪಂಪಿನ ಪಕ್ಕ ಬಗ್ಗಿ ನಿಂತೆ. "ಯಾರೂ ಎದುರಿಗೆ ಬರಬೇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತೋಮ್‌ನನ್ನು ಸೀಟಿಗೆ ಕಳಿಸಿದೆ. "ಸೆಲ್ಫ್ ಹೊಡಿ."

ಕಿರ್ರ್, ಕಿರ್ರ್ ಎಂದು ಬಿಳಿಯ ಮಂಜು ಚಿಮ್ಮಿತು. ಏನು ಚೆಂದ! ನಾನು ತಲೆ ಎತ್ತುವಷ್ಟರಲ್ಲಿ ಪ್ರೆಂಗ್ ಭಾವನ ಬಲಗೈ ಆ ಮಂಜಿನೊಳಗಿತ್ತು. ಹೊಲದಲ್ಲಿ ನೀರಿನ ಪೈಪಿಗೆ ಬೆರಳು ಹಿಡಿದು ರಭಸ ನೋಡುತ್ತಾರಲ್ಲ, ಹಾಗೆ.

"ಕೈ ತೆಗೀರಿ!"

ಅವನು ಕೈ ಕಿತ್ತುಕೊಂಡ. "ತಾಗಿಲ್ಲ ಬಿಡೋ. ಸುಮ್ನೆ ಅರಚಬೇಡ."

"ತೋರ್ಸಿ."

"ತಾಗಿಲ್ಲ ಅಂದ್ನಲ್ಲ. ಹೊತ್ತು ಮುಳುಗ್ತಾ ಇದೆ, ನಿನ್ನ ಕೆಲಸ ನೋಡು."

ದಿಬ್ಬಣದ ಯಜಮಾನನ ಗುರುತಾದ ತನ್ನ ಕೆಂಪು ಕರವಸ್ತ್ರವನ್ನು ಕೈಗೆ ಸುತ್ತಿಕೊಂಡು ಆಚೆ ತಿರುಗಿ ನಿಂತ. ನನಗೂ ಅವಸರವಿತ್ತು. ಹೊಸ ವಾಷರ್ ಇಟ್ಟು ಇಂಜೆಕ್ಟರ್ ಕೂರಿಸಿ, ಕೊಳವೆಗಳನ್ನೆಲ್ಲ ಬಿಗಿದು, ಫಿಲ್ಟರ್ ಬದಲಿಸಿ ಕೀಲಿ ತಿರುಗಿಸಿದೆ. ಇಂಜಿನ್ ಹೊಸದರಂತೆ ಗುನುಗಿತು. ತೋಮ್ ಸಂತೋಷಕ್ಕೆ, ದಿಬ್ಬಣದ ರೂಢಿಯಂತೆ, ಸೊಂಟದ ಪಿಸ್ತೂಲು ತೆಗೆದು ಆಕಾಶಕ್ಕೆ ಗುಂಡು ಹಾರಿಸಿದ. ಬುಂಡೆಯಲ್ಲಿ ಉಳಿದಿದ್ದನ್ನು ಕುಡಿದು ಮುಗಿಸಿಯೂ ಬಿಟ್ಟ.

ಮತ್ತೆ ಏರತೊಡಗಿದೆವು. ಮ್ರಿಕಾ ಹಾಡು ಶುರು ಮಾಡಿದಳು. ತಿರುವಿನಲ್ಲಿ ಕಲ್ಲಿನ ಶಿಲುಬೆ ಸಿಕ್ಕಿತು, ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡೆವು. ಪ್ರೆಂಗ್ ಭಾವ ಎಡಗೈಯಲ್ಲಿ ಹಾಕಿಕೊಂಡ.

ಹಿಂದೊಮ್ಮೆ ಊಟಕ್ಕೆ ಕೂತಾಗ ಎಡಗೈಯಲ್ಲಿ ರೊಟ್ಟಿ ಮುಟ್ಟಿದ ಮಗನಿಗೆ ಬಾರಿಸಿದ ಮನುಷ್ಯ ಇವನು. ಬ್ರೇಕ್ ಒತ್ತಿದೆ. ಅವನ ತೊಡೆಯ ಮೇಲಿನ ಕರವಸ್ತ್ರವನ್ನು ಕಿತ್ತು ತೆಗೆದೆ.

ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ಒಂದು ಚುಕ್ಕೆ. ರಕ್ತವೂ ಇರಲಿಲ್ಲ. ಆದರೆ ಬೆರಳು ಊದಿ ಬಿಳಿಚಿಕೊಂಡು ಮರದ ತುಂಡಾಗಿತ್ತು, ಊತ ಅಂಗೈಗೆ ಇಳಿದಿತ್ತು. ದುರ್ರೆಸ್ ಬಂದರಿನ ವರ್ಕ್‌ಶಾಪಿನಲ್ಲಿ ನನ್ನ ಜೊತೆಗಿದ್ದ ಬಾರ್ಧ್‌ನಿಗೂ ಇಂಥದೇ ಚುಕ್ಕೆಯಾಗಿತ್ತು. ಚರ್ಮದೊಳಗೆ ನುಗ್ಗಿದ ಡೀಸೆಲ್ ಮಾಂಸವನ್ನು ಒಳಗಿಂದಲೇ ಕೊಲ್ಲುತ್ತದೆ. ಅವನು ಬೆಳಗಾಗಲಿ ಎಂದು ಕಾದ, ಮೊಣಕೈವರೆಗೆ ಕತ್ತರಿಸಿದರು.

"ಭಾವ, ಈಗ್ಲೇ ಶ್ಕೋದ್ರದ ಆಸ್ಪತ್ರೆಗೆ ಹೋಗ್ಬೇಕು. ಬೆರಳು ಕುಯ್ದು ಒಳಗಿಂದೆಲ್ಲ ತೊಳೀಬೇಕು. ಇಲ್ಲಾಂದ್ರೆ ಕೈ ಹೋಗತ್ತೆ."

"ಶ್ಕೋದ್ರ ಹಿಂದಿದೆ."

"ಹಿಂದೆ ಇದ್ರೆ ಹಿಂದೆ ಹೋಗೋಣ!"

"ಮದುಮಗಳ ಗಾಡಿ ಹಿಂದಕ್ಕೆ ತಿರುಗಲ್ಲ ಪಾಶ್ಕಾ. ತಿರುಗಿದ್ರೆ ಜನ ಏನಂತಾರೆ ಗೊತ್ತಲ್ಲ? ಹುಡುಗೀನ ವಾಪಸ್ ಬಿಡಕ್ಕೆ ಹೋದ್ರು ಅಂತಾರೆ. ಸಾಯೋತನಕ ಅವಳ ಬೆನ್ನು ಬಿಡಲ್ಲ ಆ ಮಾತು."

"ಹಾಗಾದ್ರೆ ನೀವೊಬ್ರೇ ತೋಮ್ ಕಾರಲ್ಲಿ ಹೋಗಿ."

"ದಿಬ್ಬಣಕ್ಕೆ ಹೊರಟವರೆಲ್ಲ ಒಟ್ಟಿಗೇ ವಾಪಸ್ ಬರಬೇಕು. ಒಬ್ಬ ಕಡಿಮೆಯಾದ್ರೆ ಮನೇಲಿ ಒಬ್ಬ ಕಡಿಮೆಯಾಗ್ತಾನೆ. ನನ್ನ ಅಪ್ಪ ಸತ್ತ ದಿನಾನೂ ನಮ್ಮ ದಿಬ್ಬಣ ನಿಂತಿರ್ಲಿಲ್ಲ. ಗಾಡಿ ಹೊಡಿ."

ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನೋವು ಶುರುವಾಗಿತ್ತು, ಹಲ್ಲು ಕಚ್ಚಿ ಹಿಡಿದಿದ್ದ. ಮ್ರಿಕಾ ಹಾಡು ನಿಲ್ಲಿಸಿ ಅಳತೊಡಗಿದಳು. ನನಗೂ ಅಳುವಂತಾಯಿತು, ಅದಕ್ಕಿಂತ ಹೆಚ್ಚಾಗಿ ಅವನಿಗೆ ಬಾರಿಸುವಂತಾಯಿತು. ನಲವತ್ತು ವರ್ಷ ಕಲ್ಲು ಒಡೆದು ಮನೆ ಕಟ್ಟಿದ ಕೈ ಅದು!

"ಗಾಡಿ ತಿರುಗಿಸಿ."

ಯಾರು ಹೇಳಿದ್ದೆಂದು ಮೊದಲು ಹೊಳೆಯಲೇ ಇಲ್ಲ. ಆ ದನಿಯನ್ನು ನಾವ್ಯಾರೂ ಕೇಳಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ, ದ್ರಾನೆ ಕಣ್ಣೆತ್ತಿ ನೇರ ನನ್ನನ್ನೇ ನೋಡುತ್ತಿದ್ದಳು.

"ಸುಮ್ನಿರಮ್ಮ," ಎಂದಳು ಮ್ರಿಕಾ, ಗಾಬರಿಯಲ್ಲಿ.

"ಸುಮ್ನಿರಲ್ಲ ಅತ್ತೆ. ಒಬ್ರು ಕಡಿಮೆ ಆಗಬಾರ್ದು ತಾನೆ? ಎಲ್ಲರೂ ಹೋಗೋಣ. ಮೂರು ಗಾಡೀನೂ ತಿರುಗ್ಲಿ." ಪ್ರೆಂಗ್ ಭಾವನ ಕಡೆ ತಿರುಗಿದಳು. "ಯಾರಾದ್ರೂ ಕೇಳಿದ್ರೆ ಮದುಮಗಳು ಹಟ ಮಾಡಿದ್ಲು ಅನ್ನಿ ಮಾವ. ನನ್ನ ಹೆಸರು ಹೇಳಿ."

ಪ್ರೆಂಗ್ ಹಿಂದಕ್ಕೆ ತಿರುಗಿ ಅವಳನ್ನು ನೋಡಿದ. ನಾನು ಅವನ ಅಪ್ಪಣೆಗೆ ಕಾಯಲಿಲ್ಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಹಿಂದೆ ಮುಂದೆ ಮಾಡುತ್ತ, ಹಿಂದಿನ ಚಕ್ರ ಅಂಚಿನ ಜಲ್ಲಿಯಲ್ಲಿ ಜಾರಿದಾಗ ಯೇಸುವನ್ನು ಕರೆಯುತ್ತ, ಕಾರನ್ನು ತಿರುಗಿಸಿದೆ. ಇಳಿಜಾರಿನಲ್ಲಿ ಆ ಮೂರನೇ ಇಂಜೆಕ್ಟರ್ ಒಮ್ಮೆಯೂ ತಪ್ಪಲಿಲ್ಲ.

ಡಾಕ್ಟರು ಬೆರಳಿನಿಂದ ಮಣಿಕಟ್ಟಿನವರೆಗೆ ಸೀಳಿ ತೊಳೆದರು. ತೋರುಬೆರಳನ್ನು ತೆಗೆಯಲೇಬೇಕಾಯಿತು, ಕೈ ಉಳಿಯಿತು. ಹೊತ್ತು ಮುಳುಗಿದ ಮೇಲೆ ಮದುಮಗಳು ಹೊಸ್ತಿಲು ದಾಟುವಂತಿಲ್ಲವಲ್ಲ, ದಿಬ್ಬಣವೆಲ್ಲ ಆಸ್ಪತ್ರೆಯ ಬೆಂಚುಗಳ ಮೇಲೆ ಬೆಳಕು ಹರಿಸಿತು. ಪ್ರೆಂಗ್ ಆಸ್ಪತ್ರೆಯಲ್ಲಿ ಉಳಿಯಲು ಒಪ್ಪಲಿಲ್ಲ. ಡಾಕ್ಟರರ ಕೈಯಲ್ಲಿ ಬೈಸಿಕೊಂಡು ನಮ್ಮ ಜೊತೆಗೇ ಹೊರಟ.

ಮನೆಯಂಗಳದಲ್ಲಿ ಊರೇ ನೆರೆದಿತ್ತು. ಸಂಗತಿ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಹೆಂಗಸರು ಗುಸುಗುಸು ನಿಲ್ಲಿಸಿ ದಾರಿ ಬಿಟ್ಟರು. ಹೊಸ್ತಿಲಲ್ಲಿ ಪ್ರೆಂಗ್‌ನ ತಾಯಿ, ತೊಂಬತ್ತು ದಾಟಿದ ಮುದುಕಿ, ಮದುಮಗಳನ್ನು ಒಳಗೆ ಬರಮಾಡಿಕೊಳ್ಳಲೆಂದು ಜೇನಿನ ಬಟ್ಟಲು ಹಿಡಿದು ನಿಂತಿದ್ದಳು. ಕೊಡಲಿಲ್ಲ.

"ಮದುಮಗಳ ಗಾಡಿ ಹಿಂದಕ್ಕೆ ತಿರುಗಿಸಿದವರು ಯಾರು?" ಎಂದು ಕೇಳಿದಳು.

ದ್ರಾನೆ ಒಂದು ಹೆಜ್ಜೆ ಮುಂದಿಟ್ಟಳು. ಪ್ರೆಂಗ್ ಭಾವ ಬ್ಯಾಂಡೇಜು ಸುತ್ತಿದ ಕೈಯನ್ನು ಅವಳ ಮುಂದೆ ಅಡ್ಡ ಹಿಡಿದ.

"ನಾನೇ ಅಮ್ಮ," ಎಂದ, ಅಂಗಳಕ್ಕೆಲ್ಲ ಕೇಳುವಂತೆ. "ಹೆದರಿಬಿಟ್ಟೆ. ಈ ಮಗು ಬೇಡ ಬೇಡ ಅಂತು, ನಾನೇ ಕೇಳ್ಲಿಲ್ಲ."

ಘಾಟಿಯಲ್ಲಿ ತಾಗಿಲ್ಲ ಅಂದದ್ದು ಬಿಟ್ಟರೆ, ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮುದುಕಿ ಮಗನ ಕೈ ನೋಡಿದಳು, ಮುಖ ನೋಡಿದಳು, ಆಮೇಲೆ ಬಟ್ಟಲನ್ನು ದ್ರಾನೆಯ ಕಡೆ ಚಾಚಿದಳು.