ಬಟನ್ ಡಬ್ಬಿಯಲ್ಲಿ ಬಚ್ಚಿಟ್ಟ ಮಾತ್ರೆ

ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ಟೈಲರ್ ಅಕ್ಕನ ಕತ್ತಿನಲ್ಲಿ ಗಂಟು ಕಾಣಿಸಿತು. ಹೆದರಿಕೆಗಿಂತ ಮೊದಲು ಅವಳಿಗೆ ಆದದ್ದು ಹೊಟ್ಟೆಕಿಚ್ಚು. ಯಾಕೆ ಅಂತೀರಾ? ಗಂಟು ನೋಡಿದ್ದೇ ತಡ, ಅತ್ತೆ "ಚಿಕ್ಕವಳನ್ನ ಕೇಳು, ಅವಳಿಗೆ ಎಲ್ಲ ಗೊತ್ತು" ಅಂದುಬಿಟ್ಟರು.

ಚಿಕ್ಕವಳು ಅಂದರೆ ಓರಗಿತ್ತಿ, ಮೈದುನನ ಹೆಂಡತಿ. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಯಾರು ಕೆಮ್ಮಿದರೂ ಅವಳದೇ ಮಾತು. ಅವಳ ಮುಂದೆ ಕತ್ತು ಚಾಚೋದಾ? ಅಕ್ಕ ಮೂಗು ಮುರಿದಳು. ಊರಾಚೆಯ ಬೇರೆ ಲ್ಯಾಬಿಗೆ ಹೋಗಿ ಗಂಟಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿಕೊಂಡಳು. ಕ್ಯಾನ್ಸರ್ ಇರಬಹುದು ಅಂದರು.

ಆದರೆ ಸೂಜಿಗೆ ಬಂದ ಚೂರನ್ನು ನಂಬಿ ಔಷಧಿ ಶುರುಮಾಡಲು ಡಾಕ್ಟರು ಒಪ್ಪಲಿಲ್ಲ. ಗಂಟನ್ನು ಇಡಿಯಾಗಿ ತೆಗೆದು ನೋಡಬೇಕು ಅಂದರು. ಅದು ಆಗುವುದು ದೊಡ್ಡಾಸ್ಪತ್ರೆಯಲ್ಲೇ. ಎಲ್ಲಿಗೆ ಹೋಗಬಾರದು ಅಂದುಕೊಂಡಿದ್ದಳೋ ಅಲ್ಲಿಗೇ ಹೋಗಬೇಕಾಯಿತು.

ಗಂಟು ತೆಗೆದ ಮೇಲೆ ಒಂದು ಸಂಜೆ ಚಿಕ್ಕವಳು ಹೊಲಿಗೆ ಮಿಷಿನ್ ಪಕ್ಕ ಬಂದು ಕೂತಳು. ದಿನಾ ಏನಾದರೂ ಮಾತ್ರೆ ತಗೊಳ್ತೀಯಾ ಅಂತ ಮೆಲ್ಲಗೆ ಕೇಳಿದಳು. ಇಲ್ಲ ಅಂದಳು ಅಕ್ಕ, ತಲೆಯೆತ್ತದೆ. ಹೋದ ವರ್ಷದಿಂದ ಮೂರ್ಛೆ ರೋಗಕ್ಕೆ ಮಾತ್ರೆ ನುಂಗುತ್ತಿದ್ದಳು. ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಾತ್ರೆ ಬಟನ್ ಡಬ್ಬಿಯೊಳಗಿತ್ತು. ಇವಳಿಗೆ ಗೊತ್ತಾದರೆ ಮುಗೀತು, ನಾನು ರೋಗಿಷ್ಠೆ, ಇವಳು ಚಿನ್ನ!

"ಅಕ್ಕಾ, ಗಂಟು ಪರೀಕ್ಷೆ ಮಾಡೋ ಡಾಕ್ಟರಿಗೆ ಇದು ಕ್ಯಾನ್ಸರ್ ಹೌದೋ ಅಲ್ವೋ ಅಂತ ಅನುಮಾನ ಇದೆ," ಅಂದಳು ಚಿಕ್ಕವಳು. "ಕೆಲವು ಮಾತ್ರೆಯಿಂದಲೂ ಗಂಟು ಹೀಗೇ ಊದುತ್ತಂತೆ, ನೋಡೋಕೂ ಕ್ಯಾನ್ಸರ್ ಥರಾನೇ ಕಾಣುತ್ತಂತೆ. ಗೊತ್ತಾಗದೆ ಹೋದ್ರೆ ಇಲ್ಲದ ರೋಗಕ್ಕೆ ಔಷಧಿ ಕೊಟ್ಟ ಹಾಗಾಗುತ್ತೆ. ನನ್ನ ಹತ್ರ ಹೇಳೋಕೆ ಇಷ್ಟ ಇಲ್ಲದಿದ್ರೆ ಬೇಡ. ಅವರಿಗೇ ಹೇಳು, ನಾನು ಹೊರಗೆ ನಿಲ್ತೀನಿ."

ಅಬ್ಬಾ, ಒಳ್ಳೆಯವಳು ಅನ್ನಿಸಿಕೊಳ್ಳೋದರಲ್ಲೂ ಇವಳೇ ಮುಂದೆ! ಅಕ್ಕನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮಗಳು ಬಾಚಣಿಗೆ ಹಿಡಿದು ಬಂದವಳು, ಅಮ್ಮನ ಕೈಗೆ ಬಿಡುವಿಲ್ಲ ಅಂತ ಚಿಕ್ಕಮ್ಮನ ಮುಂದೆ ಬೆನ್ನು ಹಾಕಿ ಕೂತಳು. ನಾನು ಸತ್ತುಹೋದರೆ ದಿನಾ ಮಗಳಿಗೆ ತಲೆ ಬಾಚೋಳು ಇವಳೇ ಅಂತ ಅನ್ನಿಸಿದ್ದೇ ತಡ, ಅಕ್ಕ ಬಾಚಣಿಗೆ ಕಿತ್ತುಕೊಂಡಳು.

"ಮೂರ್ಛೆಗೆ ಮಾತ್ರೆ ತಗೊಳ್ತೀನಿ," ಅಂದಳು. "ಹೋಗಿ ಹೇಳು ನಿನ್ನ ಡಾಕ್ಟರಿಗೆ."

ಆಸ್ಪತ್ರೆಯವರು ಗಂಟಿನ ಚೂರನ್ನು ಮತ್ತೆ ನೋಡಿದರು, ಇನ್ನೊಬ್ಬ ಡಾಕ್ಟರಿಗೂ ತೋರಿಸಿದರು, ಇನ್ನೂ ಕೆಲವು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಅಲ್ಲ, ಮಾತ್ರೆಯಿಂದ ಊದಿದ್ದು. ಮೂರ್ಛೆಯ ಡಾಕ್ಟರು ಮಾತ್ರೆ ಬದಲಿಸಿದರು. ತೆಗೆದ ಗಂಟಿನ ಅಕ್ಕಪಕ್ಕ ಉಳಿದಿದ್ದ ಸಣ್ಣ ಗಂಟುಗಳೂ ಬರಬರುತ್ತಾ ಕರಗಿದವು. ಅತ್ತೆ ಹೊಗಳಿದ್ದು ಮಾತ್ರ ಚಿಕ್ಕವಳನ್ನೇ. ಅಕ್ಕನ ಹೊಟ್ಟೆ ಈಗಲೂ ಉರಿಯುತ್ತದೆ. ಉರಿಯಲಿ ಬಿಡಿ, ಉರಿಯೋಕೆ ಅವಳು ಇದ್ದಾಳಲ್ಲ.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ಗಂಟು ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ನುಂಗುವ ಮಾತ್ರೆ, ನಾಟಿ ಮದ್ದು, ಹಿಂದಿನ ಕಾಯಿಲೆ, ಒಂದನ್ನೂ ಮುಚ್ಚಿಡಬೇಡಿ. ಹಾಗಂತ ನೀವೇ ಮಾತ್ರೆ ನಿಲ್ಲಿಸಲೂಬೇಡಿ. ಗಂಟು ಇಡಿಯಾಗಿ ತೆಗೆಯಬೇಕು ಅಂದರೆ ಯಾಕೆ ಅಂತ ಕೇಳಿ ತಿಳಿದುಕೊಳ್ಳಿ. ಅನುಮಾನ ಇದ್ದರೆ ಇನ್ನೊಬ್ಬರಿಗೂ ತೋರಿಸಿ ಅಂತ ಧೈರ್ಯವಾಗಿ ಕೇಳಿ. ನೆಂಟರ ಮೇಲೆ ಎಷ್ಟು ಬೇಕಾದರೂ ಹೊಟ್ಟೆಕಿಚ್ಚು ಪಡಿ, ಡಾಕ್ಟರ ಹತ್ತಿರ ಮಾತ್ರ ಸುಳ್ಳು ಹೇಳಬೇಡಿ.