ಎಣ್ಣೆ ಹಚ್ಚಿದ ಪಾದ

ಸುಟ್ಟ ಧೂಳಿನ ವಾಸನೆ, ಪ್ರೊಜೆಕ್ಟರಿನ ಫ್ಯಾನು ತಿರುಗುತ್ತಿದೆಯಲ್ಲ, ತಿರುಗುತ್ತಿದೆ, ಬೆಳಕಿನ ಕೋಲಿನಲ್ಲಿ ಯಾರದೋ ಸಿಗರೇಟಿನ ಹೊಗೆ, ಅದರಾಚೆ ಪರದೆಯ ಮೇಲೆ ಅವಳು — ನಮ್ಮೂರ ಗುಡಿಯ ಬಾಗಿಲವಾಡದ ಕಲ್ಲಿನ ಹೆಂಗಸು, ಇಷ್ಟು ದೊಡ್ಡದಾಗಿ ಅವಳನ್ನು ನಾನು ಕಂಡೇ ಇರಲಿಲ್ಲ, ಆದರೆ ಏನೋ ಸರಿಯಿಲ್ಲ, ಮುಂದಿಟ್ಟ ಪಾದ ಎಣ್ಣೆಯಿಂದ ಕರ್ರಗೆ ಹೊಳೆಯುತ್ತಿದೆ, ಸರಿ, ಆದರೆ ಅದು ಎಡಗಾಲು, ಎಡಗಾಲು ಹೇಗಾಯಿತು, ಎಣ್ಣೆ ಹಚ್ಚುವುದು ಬಲಗಾಲಿಗಲ್ಲವೇ, ದುಡಿಯಲು ದೂರ ಹೋದವರ ಮನೆಯ ಹೆಂಗಸರು ಶುಕ್ರವಾರ ಹಚ್ಚುತ್ತಾರೆ, ಅವಳು ಬಲಗಾಲಿಟ್ಟು ಒಳಗೆ ಬರುವವಳು, ಅವಳ ಹಿಂದೆ ಹೋದವರೂ ಬರುತ್ತಾರೆ ಎಂದು — ಅಕ್ಕ ಅಂಬವ್ವ ಬಟ್ಟಲು ಹಿಡಿದು, ಲೇ ಕಾಂತ್ಯಾ, ನೀ ಮುಂಬೈಕ ಹ್ವಾದ್ರೂ ಬಿಡೂದಿಲ್ಲ ನಾ, ವಾರಾವಾರಾ ಎಣ್ಣಿ ಹಚ್ಚಿ ನಿನ್ನ ಎಳಕೊಂಡ ಬರ್ತೀನಿ ನೋಡು. ನನ್ನದೇ ತಪ್ಪು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಈ ಮುಂಬೈ ಕಾಲೇಜಿನ ಕಲಾ ಇತಿಹಾಸ ವಿಭಾಗದ ಸ್ಲೈಡುಗಳನ್ನೆಲ್ಲ ಬಿಚ್ಚಿ ಒರೆಸಿ ಹೊಸ ಗಾಜು ಕೂಡಿಸಿದ ಜವಾನ ನಾನು, ಮೂಲೆಯಲ್ಲಿ ಕೆಂಪು ಚುಕ್ಕೆ ಇಟ್ಟವನೂ ನಾನು, ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ತೂರಿಸಿದರೆ ಚಿತ್ರ ಸರಿಯಾಗಿ ಬೀಳಬೇಕು, ಇದೊಂದಕ್ಕೆ ಚುಕ್ಕೆ ಹಿಂಬದಿಗೆ ಬಿತ್ತು, ಬಲ ಎಡವಾಯಿತು, ಮೂರು ಸಲ ನೋಡಿದ್ದೆನಲ್ಲ, ನಮ್ಮೂರಿನದೆಂದು ನಾಲ್ಕನೆಯ ಸಲವೂ — ಪುಣೆಯಿಂದ ಬಂದ ಪ್ರೊಫೆಸರರು ಕೋಲೆತ್ತಿದ್ದಾರೆ, ಅವರು ಊರು ನೋಡಿದವರಲ್ಲ, ಈ ಸ್ಲೈಡು ಮಾತ್ರ ನೋಡಿ ಹೇಳುತ್ತಿದ್ದಾರೆ, ಗಮನಿಸಿ, ಎಡಗಾಲು ಮುಂದೆ, ಇವಳು ಗುಡಿಯನ್ನು ಬಿಟ್ಟು ಹೊರಟವಳು, ಮತ್ತೆ ಮರಳುವವಳಲ್ಲ. ಮುಂದಿನ ಸಾಲಿನಲ್ಲಿ ಪೆನ್ನುಗಳು ಸರಸರ ಓಡುತ್ತಿವೆ. ಅಲ್ಲ ಸರ್, ಅವಳು ಬರುವವಳು, ಎದ್ದು ಹೇಳಬೇಕು, ಯಾವ ಇಂಗ್ಲಿಷಿನಲ್ಲಿ, ಕೆಲಸ ಮುಗಿಸಿ ಹೋಗುವ ಸಯನ್ ಬಡಾವಣೆಯ ಸಂಜೆ ಕಾಲೇಜಿನ ಇಂಗ್ಲಿಷಿನಲ್ಲೇ, ಹೇಳಿದರೆ ಚುಕ್ಕೆಯ ತಪ್ಪೂ ಹೊರಬೀಳುತ್ತದೆ, ವಿಭಾಗದ ಮುಖ್ಯಸ್ಥೆ ನೀಲಾಬಾಯಿ ಮೊನ್ನೆಯಷ್ಟೇ, ಕಾಂತಪ್ಪ, ಬೀ.ಏ. ಪೂರಾ ಕರೋ, ಸ್ಲೈಡ್ ಲೈಬ್ರರಿ ತುಮ್ಹಾರೇ ಹಾಥ್ ಮೇ, ಬಿ.ಎ. ಮುಗಿಸಿದರೆ ಲೈಬ್ರರಿ ನನ್ನ ಕೈಗೆ ಎಂದಿದ್ದರು. ದೀಪ ಹತ್ತಿತು, ಚಪ್ಪಾಳೆ, ಯಾವುದೋ ಹುಡುಗಿ ಪ್ರಶ್ನೆ ಕೇಳುತ್ತಿದ್ದಾಳೆ, ಆ ಹೆಂಗಸನ್ನು ಇನ್ನೊಮ್ಮೆ ತೋರಿಸುತ್ತೀರಾ — ಮತ್ತೆ ಕತ್ತಲೆ. ಈಗ. ಬಾಯಿಂದ ಆಗದ್ದು ಕೈಯಿಂದ ಆಗಲಿ, ಸ್ಲೈಡು ತೆಗೆದೆ, ತಿರುಗಿಸಿದೆ, ತೂರಿಸಿದೆ, ಬಂದಳು, ಬಲಗಾಲಿಟ್ಟು, ನಾನು ಊರು ಬಿಟ್ಟ ಒಂಬತ್ತು ವರ್ಷದ ಮೇಲೆ, ಅಂಬವ್ವನ ಕೈ ತಾಗಿದ ಪಾದ ಮುಂದಿಟ್ಟು ನೇರ ಒಳಗೆ — ಪ್ರೊಫೆಸರರ ಕೋಲು ಗಾಳಿಯಲ್ಲೇ ನಿಂತಿತು, ನೀಲಾಬಾಯಿಯ ದನಿ, ಅರೇ ಕಾಂತಪ್ಪಾ, ಉಲ್ಟಾ ಲಗಾಯಾ, ನೀಂದ್ ಮೇ ಹೋ ಕ್ಯಾ, ಸೀಧಾ ಕರೋ, ನಿದ್ದೆಗಣ್ಣಲ್ಲಿ ತಿರುವಿ ಹಾಕಿದೆನಂತೆ, ಸರಿ ಮಾಡಬೇಕಂತೆ. ಹಾಲ್ ತುಂಬ ನಗು. ನೀಲಾಬಾಯಿ, ಯಹೀ ಸೀಧಾ, ಇದೇ ಸರಿ — ಎಂದೆನೇ, ಇಲ್ಲ, ತುಟಿಯಷ್ಟೇ ಅಲುಗಿತು, ಹೊರಗೆ ಬಂದದ್ದು ಸಾರಿ, ನೀಲಾಬಾಯಿ. ಸ್ಲೈಡು ಬೆರಳಿಗೆ ಸುಡುತ್ತಿದೆ, ಕೆಂಪು ಚುಕ್ಕೆಯ ಮೇಲೆ ಹೆಬ್ಬೆರಳು, ತೂರಿಸಿದೆ, ಹಾಂ, ಅಬ್ ಠೀಕ್, ಎಂದರು ಅವರು. ಈ ಶ್ರಾವಣದಲ್ಲಿ ಅಂಬವ್ವ ತೀರಿಕೊಂಡಾಗ ಪರೀಕ್ಷೆಯೆಂದು ನಾನು ಹೋಗಲಿಲ್ಲ, ಆ ವಾರದ ಎಣ್ಣೆ ಯಾರು ಹಚ್ಚಿದರೋ, ಆಂಟಾಪ್ ಹಿಲ್ಲಿನ ನನ್ನ ಖೋಲಿಗೆ, ಆ ಒಂದೇ ಕೋಣೆಗೆ, ಹೋಗಿ ಬೀಗ ತೆಗೆಯಬೇಕು, ಒಳಗೆ ಯಾವ ಕಾಲಿಟ್ಟರೂ ಕೇಳುವವರಿಲ್ಲ, ಪ್ರೊಫೆಸರರು ಮತ್ತೆ ಹೇಳುತ್ತಿದ್ದಾರೆ, ನೋಡಿ, ಹೊರಟೇ ಹೋದಳು, ಪರದೆಯ ಮೇಲೆ ಪಾದ, ಎಣ್ಣೆ ಹೊಳೆಯುವ ಕರಿ ಪಾದ, ಎಡಗಾಲು, ಹೊರಗೆ, ಕರಿ ಪಾದ